ಒಣ ಕಾಲಿನ ಮಳೆಗಾಲ

ಈ ವರ್ಷ ಪುಣೆಗೆ ಮೊದಲ ಮಳೆ ಬಿದ್ದ ಸಂಜೆ ನನ್ನ ಮಾವ ಕಚೇರಿಗೆ ಫೋನ್ ಮಾಡಿದರು. ಛತ್ರಿ ಒಯ್ದಿದ್ದೀಯಾ, ಬಸ್ಸು ಸಿಕ್ಕೀತೇ ಎಂದು ಕೇಳಲು ಮಾಡಿದ ಫೋನಲ್ಲ ಅದು. "ವೀಣಾ, ಪೌಡರ್ ಡಬ್ಬಿ ಮುಗದದ. ಬರೂವಾಗ ತಗೊಂಡ ಬಾರವಾ," ಎಂದು ಹೇಳಿ ಇಟ್ಟುಬಿಟ್ಟರು. ಸೊಸೆ ನೆನೆದರೂ ಚಿಂತೆಯಿಲ್ಲ, ಪೌಡರ್ ಮಾತ್ರ ಒಣಗಿಯೇ ಬರಬೇಕು.

ಹಡಪಸರದ ರಸ್ತೆಯಲ್ಲಿ ಆಗಲೇ ಮೊಣಕಾಲಿನವರೆಗೆ ವಾಹನಗಳ ಕೆಸರು ಹಾರುತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಡಬ್ಬಿ ಕೊಂಡು ಆಟೋ ಹತ್ತಿದೆ. ಮುಚ್ಚಳ ಸಡಿಲವಿದ್ದಿರಬೇಕು, ಚೀಲದ ತುಂಬ ಪುಡಿ ಚೆಲ್ಲಿತು. ಕರ್ಪೂರ, ಸಾಬೂನು, ಆಸ್ಪತ್ರೆ ಮೂರೂ ಕಲೆತಂಥ ಆ ವಾಸನೆ ಮೂಗಿಗೆ ಹೊಡೆಯಿತು. ಮಳೆ ಎಂದರೆ ಉಳಿದವರಿಗೆ ಮಣ್ಣಿನ ವಾಸನೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಕಾಲಬೆರಳ ಸಂದಿಗೆ ಹಾಕುವ ಈ ಪುಡಿ, ಮತ್ತು ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ.

ನನ್ನ ಅತ್ತೆ ಸುಶೀಲಾಬಾಯಿ ಬಾಗಲಕೋಟೆ ಕಡೆಯವರು. ಹುಡುಗಿಯಾಗಿದ್ದಾಗ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ಮಾವ ಪುಣೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಲಗ್ನವಾಗಿ ಇಲ್ಲಿಗೆ ಬಂದ ಮೇಲೆ ಅತ್ತೆಗೆ ಸಿಕ್ಕ ನೀರೆಂದರೆ ಬಚ್ಚಲ ಕೊಡದ ನೀರು ಮಾತ್ರ. ಅರವತ್ತು ದಾಟಿದಾಗ ಮೊಣಕಾಲು ಹಿಡಿದುಕೊಂಡವು. ನಮ್ಮದು ಲಿಫ್ಟಿಲ್ಲದ ಹಳೆಯ ಕಟ್ಟಡ, ಮೂರನೇ ಮಹಡಿ. ಅತ್ತೆ ನಡುನಡುವೆ ಕೂತು ಸುಧಾರಿಸಿಕೊಳ್ಳಲಿ ಎಂದು ಮಾವ ಎರಡನೇ ಮಹಡಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದರು. ಮೂಳೆ ಡಾಕ್ಟರು, "ನೀರಿನಲ್ಲಿ ನಡೆಯಿರಿ, ಈಜಿರಿ. ಆಗಲಿಲ್ಲವೆಂದರೆ ಆಪರೇಶನ್ ವಿಚಾರ ಮಾಡೋಣ" ಎಂದರು. ಆಪರೇಶನ್ ಎಂಬ ಶಬ್ದ ಕೇಳಿದ ಮರುವಾರವೇ ಅತ್ತೆ ಈಜುಕೊಳಕ್ಕೆ ಹೆಸರು ಹಚ್ಚಿದರು.

ಮೇಲೆ ತಗಡಿನ ಚಾವಣಿ ಇದ್ದ ಕೊಳ. ಬೆಳಿಗ್ಗೆ ಹೆಂಗಸರಿಗೆ ಬೇರೆ ಹೊತ್ತು. ಮೈತುಂಬ ಮುಚ್ಚುವ ಕಪ್ಪು ಈಜುಬಟ್ಟೆಯನ್ನು ಮಾವ ಮೊದಲ ಸಲ ಹಗ್ಗದ ಮೇಲೆ ಕಂಡಾಗ, "ಯಾರದ್ದವಾ ಇದು, ವಕೀಲರದ್ದೇನ?" ಎಂದು ಕೇಳಿದ್ದರು. ಅತ್ತೆ ಎರಡು ದಿನ ಅವರ ಜೊತೆ ಮಾತು ಬಿಟ್ಟರು, ಕೊಳ ಬಿಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ತಿರುವಿನ ಸ್ಟೂಲಿನ ಮೇಲೆ ಕೂಡದೆ ಮೇಲೆ ಬರತೊಡಗಿದರು. ಒಂದು ದಿನ ಬರುತ್ತ ಸ್ಟೂಲನ್ನೇ ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿಟ್ಟು, "ಇದಕ್ಕಿನ್ನ ಅಲ್ಲೆ ಕೆಲಸಿಲ್ಲ," ಎಂದರು. ಅವತ್ತು ಮನೆಯಲ್ಲಿ ನಮಗೆಲ್ಲ ಆದ ಸಂತೋಷ ಹೇಳತೀರದು.

ಮಳೆ ಹಿಡಿದ ಕೆಲವು ದಿನಕ್ಕೆ ಅತ್ತೆ ಕೊಳಕ್ಕೆ ಹೋಗುವುದು ನಿಂತಿತು. ಕೇಳಿದರೆ, "ನೀರ ಬದಲಿ ಮಾಡ್ಲಿಕತ್ತಾರಂತ," ಎನ್ನುತ್ತಿದ್ದರು. ಒಂದು ಕೊಳದ ನೀರು ಬದಲಿಸಲು ಇಷ್ಟು ದಿನ ಬೇಕೇ ಎಂದು ನನಗೆ ಅನುಮಾನ. ಅದೇ ಕೊಳಕ್ಕೆ ಹೋಗುವ ಕೆಳಗಿನ ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವರು, ಮೆಟ್ಟಿಲ ಮೇಲೆ ಸಿಕ್ಕು ನಿಜ ಹೇಳಿದರು. ಈಜು ಕಲಿಸುವ ಮಾಯಾತಾಯಿ ಮಳೆಗಾಲದಲ್ಲಿ ಬಾಗಿಲಲ್ಲೇ ನಿಂತು ಎಲ್ಲರ ಕಾಲು ನೋಡಿ ಒಳಗೆ ಬಿಡುತ್ತಾರೆ. ಅತ್ತೆಯ ಬೆರಳ ಸಂದಿ ನೋಡಿದವರೇ, "ಆಜೀ, ಚಿಖಲ್ಯಾ ಝಾಲ್ಯಾತ. ಬರ್ಯಾ ಝಾಲ್ಯಾ ಕೀ ಯಾ," ಎಂದರಂತೆ. ಇಲ್ಲಿಯವರು ಚಿಖಲ್ಯಾ ಎನ್ನುವುದು ನಮ್ಮ ಕಡೆಯ ಕೆಸರುಹುಣ್ಣಿಗೆ. ವಾಸಿಯಾದ ಮೇಲೆ ಬನ್ನಿ ಎಂದು ಅವರು ಮೆತ್ತಗೇ ಹೇಳಿದ್ದರು, ಆದರೆ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಅತ್ತೆಯ ಕಾಲಿನತ್ತ ನೋಡಿದ್ದರು.

ಸಂಜೆ ನಾನು ಕಾಲು ತೋರಿಸಿ ಎಂದೆ. ಅತ್ತೆ ಸೀರೆ ಎಳೆದು ಮುಚ್ಚಿಕೊಂಡರು.

"ದಿನಕ್ಕ ಹತ್ತ ಸಲೆ ಕಾಲ ತೊಳ್ಕೊಳ್ಳಾಕಿ ನಾನು. ಹೊರಗಿಂದ ಬಂದ್ರ ತೊಳ್ಕೋತೀನಿ, ಅಡಗಿಮನಿಗೆ ಹೋಗೂಮುಂದ ತೊಳ್ಕೋತೀನಿ. ನನಗ್ಯಾಕ ಬರಬೇಕವಾ ಈ ಹೊಲಸ ಬ್ಯಾನಿ?" ಎಂದರು. ಮಡಿ, ಶುದ್ಧ ಎಂದು ಇಡೀ ಜೀವನ ನಡೆದುಕೊಂಡವರನ್ನು ಹತ್ತು ಜನರೆದುರು ಕಾಲು ನೋಡಿ ಹಿಂದೆ ಕಳಿಸಿದರೆ ಹೇಗಾಗಬೇಡ?

ಕಿರಿಬೆರಳ ಸಂದಿ ಬೆಳ್ಳಗೆ ನೆನೆದು ಸುಲಿದಿತ್ತು, ಪಕ್ಕದ ಸಂದಿ ಒಡೆದು ಕೆಂಪಾಗಿತ್ತು. ಮನೆಮದ್ದು ಶುರುವಾಯಿತು. ಬೇವಿನ ಎಲೆ ಕುದಿಸಿದ ನೀರು, ಕೊಬ್ಬರಿ ಎಣ್ಣೆಯಲ್ಲಿ ಅರಿಶಿಣ. ಕೆಳಗಿನ ಕಾಕು ಚಿಖಲ್ಯಾಕ್ಕೆ ಮೆಹಂದಿಯೇ ಮದ್ದು ಎಂದು ಬಟ್ಟಲು ತುಂಬ ಕಲಸಿ ತಂದು ಮೆತ್ತಿದರು. ಕೆಂಪು ಪಾದ ಕಂಡು ಮಾವ, "ಎರಡನೇ ಲಗ್ನಕ್ಕ ತಯಾರಾಗಿಯೇನ?" ಎಂದರು. ಪಾದವೇನೋ ಚೆಂದ ಕಂಡಿತು, ತುರಿಕೆ ಇದ್ದಲ್ಲೇ ಇತ್ತು.

ಆಮೇಲೆ ನನ್ನ ಗಂಡ ಶ್ರೀಧರ ಮೆಡಿಕಲ್ ಅಂಗಡಿಯಿಂದ ಒಂದು ಟ್ಯೂಬು ತಂದ. ಅಂಗಡಿಯವನಿಗೆ ತುರಿಕೆ ಎಂದಿದ್ದನಂತೆ, ಅವನು ಎಲ್ಲ ತುರಿಕೆಗೂ ಒಂದೇ ಎಂದು ಕೊಟ್ಟಿದ್ದನಂತೆ. ಪವಾಡವೇ ನಡೆಯಿತು. ಮರುದಿನಕ್ಕೆ ತುರಿಕೆ ಮಾಯ, ವಾರದೊಳಗೆ ಕೆಂಪೂ ಮಾಯ. ಅತ್ತೆ ಟ್ಯೂಬನ್ನು ಸುರುಳಿ ಸುತ್ತಿ ಎತ್ತಿಟ್ಟು, ಮಾಯಾತಾಯಿಯ ಮುಂದೆ ಕಾಲು ಚಾಚಿ, ತಲೆಯೆತ್ತಿ ಕೊಳಕ್ಕೆ ಇಳಿದರು. ಆ ಸಂಭ್ರಮ ಎಂಟು ದಿನವೂ ಬಾಳಲಿಲ್ಲ. ಈ ಸಲ ಹುಣ್ಣು ಮೊದಲಿಗಿಂತ ಜೋರಾಗಿ ಬಂತು, ಸಂದಿ ಬಿಟ್ಟು ಪಾದದ ಮೇಲಕ್ಕೂ ಹಬ್ಬಿತು. ಬಾಗಿಲಿನಿಂದ ವಾಪಸು ಬರುವ ಅವಮಾನ ಬೇಡವೆಂದು ಅವರೇ ಹೋಗುವುದು ಬಿಟ್ಟರು.

ನೀರು ತಪ್ಪಿದ ಮೊಣಕಾಲು ಮತ್ತೆ ಬಿಗಿಯತೊಡಗಿದವು. ಒಂದು ಸಂಜೆ ನಾನು ಕಚೇರಿಯಿಂದ ಬರುವಾಗ ಎರಡನೇ ಮಹಡಿಯ ತಿರುವಿನಲ್ಲಿ ಸ್ಟೂಲು ಮತ್ತೆ ಕೂತಿತ್ತು. ಶ್ರೀಧರ ಊಟದ ಹೊತ್ತಿಗೆ, "ಮೂಳಿ ಡಾಕ್ಟರ್ ಕಡೆ ಒಮ್ಮೆ ತೋರಿಸಿ ಬರೂಣೇನ?" ಎಂದ. ಅತ್ತೆ ತಟ್ಟೆ ಎತ್ತಿಕೊಂಡು ಎದ್ದುಹೋದರು.

ಮರುದಿನ ರಜೆ ಹಾಕಿ ಅತ್ತೆಯನ್ನು ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಆಕೆ ಮೈಸೂರು ಕಡೆಯ ಹುಡುಗಿ. ನಮ್ಮ ಮಾತು ಕೇಳಿ ಕನ್ನಡಕ್ಕೇ ಹೊರಳಿದಳು. ನಾವು ಒಯ್ದಿದ್ದ ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ ಅದನ್ನು ಪಕ್ಕಕ್ಕೆ ಸರಿಸಿದಳು.

"ಆಂಟಿ, ಇದರಲ್ಲಿ ಸ್ಟೀರಾಯ್ಡ್ ಸೇರಿಸಿದ್ದಾರೆ. ತುರಿಕೆ, ಕೆಂಪು ಎಲ್ಲ ಬೇಗ ಇಳಿಯುತ್ತೆ, ನಮಗೆ ವಾಸಿ ಆಯ್ತು ಅನ್ಸುತ್ತೆ. ಫಂಗಸ್ ಮಾತ್ರ ಒಳಗೆ ಆರಾಮಾಗಿ ಬೆಳೀತಾ ಇರುತ್ತೆ. ಇದನ್ನ ಬಿಟ್ಟುಬಿಡಿ. ಬರೀ ಫಂಗಸ್‌ಗೆ ಅಂತಾನೇ ಇರೋ ಸಾದಾ ಕ್ರೀಮ್ ಸಾಕು, ಕ್ಲೋಟ್ರಿಮಜೋಲ್ ಅಂತ. ಚೀಟಿ ಇಲ್ಲದೇನೂ ಅಂಗಡೀಲಿ ಸಿಗುತ್ತೆ. ಬೆಳಿಗ್ಗೆ ಸಂಜೆ ಹಚ್ಚಿ. ವಾಸಿ ಆದಹಾಗೆ ಕಂಡ ಮೇಲೂ ಎರಡು ವಾರ ಬಿಡಬೇಡಿ. ಶುಗರ್ ಇದೆಯಾ?"

ಇಲ್ಲ ಎಂದೆವು. ಇದ್ದವರು ಅಂಗಡಿಯ ಮುಲಾಮು ನಂಬಿ ಕೂಡಬಾರದು, ಮೊದಲೇ ಡಾಕ್ಟರಿಗೆ ತೋರಿಸಬೇಕು ಎಂದಳು.

"ನಾ ಭಾಳ ಸ್ವಚ್ಛ ಇರ್ತೀನ್ರಿ," ಎಂದರು ಅತ್ತೆ, ಅಪರಾಧಿ ಹೇಳಿಕೆ ಕೊಟ್ಟ ಹಾಗೆ.

"ಗೊತ್ತಾಗುತ್ತೆ ಆಂಟಿ. ಇದು ಕೊಳಕಿಗೆ ಬರೋದಲ್ಲ, ತೇವಕ್ಕೆ ಬರೋದು. ತೊಳೆದ ಮೇಲೆ ಒರೆಸ್ಕೊಳ್ತೀರಾ? ಒಂದೊಂದು ಬೆರಳ ಸಂದೀನೂ?"

ಅತ್ತೆ, "ಮಡಿಯೊಳಗ ಕಂಡಕಂಡ ಅರಬಿಲೆ ಕಾಲ ಒರಸ್ಕೊಳ್ಳಿಕ್ಕೆ ಬರ್ತದೇನ್ರಿ?" ಎಂದರು. ಡಾಕ್ಟರ್ ನನ್ನ ಮುಖ ನೋಡಿದಳು. ಅರಬಿ ಎಂದರೆ ಬಟ್ಟೆ ಎಂದು ನಾನು ಹೇಳಬಹುದಿತ್ತು, ಮಡಿಯನ್ನು ಹೇಗೆ ತಿಳಿಸಿ ಹೇಳಲಿ? ಮಡಿ ಬಟ್ಟೆಯನ್ನು ಯಾರೂ ಮುಟ್ಟುವಂತಿಲ್ಲ, ಮುಟ್ಟಿದ ಬಟ್ಟೆಯನ್ನು ಮಡಿಯಲ್ಲಿದ್ದವರು ಮುಟ್ಟುವಂತಿಲ್ಲ. ಹೀಗಾಗಿ ಅತ್ತೆ ಹಸಿ ಕಾಲಲ್ಲೇ ದೇವರ ಮನೆ, ಹಸಿ ಕಾಲಲ್ಲೇ ಅಡುಗೆ. ನೆಲದ ಮೇಲೆ ಅವರ ಹೆಜ್ಜೆಯ ಗುರುತು ದಿನವಿಡೀ ಆರುತ್ತಲೇ ಇರಲಿಲ್ಲ.

ಎದ್ದು ಬರುವಾಗ ಡಾಕ್ಟರ್, "ಮನೇಲಿ ಎಲ್ಲರ ಕಾಲೂ ನೋಡಿ. ಒಬ್ಬರಿಗೆ ಇದ್ರೆ ಸುತ್ತಿ ಸುತ್ತಿ ಬರುತ್ತೆ," ಎಂದಿದ್ದಳು. ಆ ಸಂಜೆ ನಮ್ಮ ಹಾಲಿನಲ್ಲಿ ನಡೆದ ಪಾದ ಪರೀಕ್ಷೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲರೂ ಕಾಲು ಚಾಚಿ ಕೂತೆವು. ಮಾವನ ಕಾಲು ಚೊಕ್ಕ, ನನ್ನದೂ ಚೊಕ್ಕ. ಶ್ರೀಧರ ಸಾಕ್ಸು ತೆಗೆಯಲು ಅರ್ಧ ತಾಸು ಕುಂಟುನೆಪ ಹೇಳಿದ. ಕೊನೆಗೆ ತೆಗೆದ. ಭೋಸರಿಯ ಕಾರ್ಖಾನೆಯಲ್ಲಿ ದಿನವಿಡೀ ದಪ್ಪ ಸೇಫ್ಟಿ ಶೂ ಹಾಕಿ ನಿಲ್ಲುವ ಅವನ ಬೆರಳ ಸಂದಿಗಳು ಅತ್ತೆಯದಕ್ಕಿಂತ ಹಳೆಯ ಕಥೆ ಹೇಳುತ್ತಿದ್ದವು.

"ಎಷ್ಟ ವರ್ಷ ಆತು?" ಎಂದು ಕೇಳಿದೆ.

"ನಮ್ಮ ಲೈನಿನಾಗ ಎಲ್ಲಾರಿಗೂ ಅದ ಬಿಡ," ಎಂದ, ಬೋನಸ್ ಬಂದಷ್ಟು ಸಹಜವಾಗಿ.

ಬಚ್ಚಲ ಬಾಗಿಲಲ್ಲಿ ಸದಾ ಹಸಿಯಾಗಿ ಬಿದ್ದಿರುತ್ತಿದ್ದ ಕಾಲೊರಸಿನ ಕಡೆಗೆ ನಾವು ನಾಲ್ವರೂ ಒಟ್ಟಿಗೆ ತಿರುಗಿ ನೋಡಿದೆವು. ಮಗ ಅದರ ಮೇಲೆ ಕಾಲು ಒತ್ತಿ ಹೋಗುವುದು, ಹಿಂದೆಯೇ ತಾಯಿ ಹಸಿ ಕಾಲಿನಲ್ಲಿ ಅದನ್ನು ತುಳಿದು ದಾಟುವುದು ದಿನದ ರೂಢಿ. ಅತ್ತೆ ಮಗನನ್ನು ಬೈಯಲಿಲ್ಲ. "ಕೊಳದ್ದಲ್ಲ ಹಂಗಾರ, ಮನಿದೇ," ಎಂದರು. ಬೇಸರದ ನಡುವೆಯೂ ಆ ಮಾತಿನಲ್ಲಿ ಒಂದು ಸಮಾಧಾನ ಇತ್ತು.

ಕಾಲೊರಸು ಕಸಕ್ಕೆ ಹೋಯಿತು. ಶ್ರೀಧರನಿಗೂ ಅದೇ ಕ್ರೀಮು, ಶೂ ಒಳಗೆ ಪೌಡರ್, ದಿನಕ್ಕೊಂದು ಒಗೆದ ಸಾಕ್ಸು. ಒಂದು ಜೊತೆ ಶೂ ಒಣಗುವಾಗ ಇನ್ನೊಂದು ಜೊತೆ ಹಾಕುವುದೆಂದಾಯಿತು. ಮಡಿಯ ಗಂಟನ್ನು ಬಿಡಿಸಿದ್ದು ಮಾವ. ತಮ್ಮ ಹಳೆಯ ಧೋತರವೊಂದನ್ನು ಕೈವಸ್ತ್ರದಳತೆಗೆ ಹರಿದು, ಸ್ನಾನ ಮಾಡಿ ಒಗೆದು, ಕೋಲಿನಿಂದ ಮೇಲಿನ ಗಳುವಿಗೆ ಏರಿಸಿ ಒಣಹಾಕಿದರು. ಬಿಸಿಲಿಲ್ಲದ ದಿನ ಫ್ಯಾನು ಹಚ್ಚಿ ಕಾದರು. "ತಗೋ, ಮಡಿಯಾಗಿನ ಕಾಲೊರಸು. ನಿನ್ನ ದೇವರೂ ಏನೂ ಅನ್ನೂ ಹಂಗಿಲ್ಲ," ಎಂದರು. ಇಷ್ಟು ವರ್ಷದಲ್ಲಿ ಒಂದು ಲೋಟ ತೊಳೆದವರಲ್ಲ ಅವರು.

ಇಷ್ಟಾದರೂ ಅತ್ತೆಯ ಕಾಲು ಒಣಗಲಿಲ್ಲ. ಶ್ರೀಧರನದು ಕಣ್ಣೆದುರೇ ಸುಧಾರಿಸುತ್ತ ಬಂತು, ಅತ್ತೆಯದು ಬೆರಳ ಮೇಲೆ ಒಣಗಿ ಸಂದಿಯಲ್ಲಿ ಹಾಗೇ ಉಳಿಯಿತು. ಗಳುವಿನಿಂದ ಇಳಿದ ಧೋತರದ ತುಂಡುಗಳು ಮಡಿಕೆ ಬಿಚ್ಚದೆ ಕೂತಿರುತ್ತಿದ್ದವು. ನನಗೆ ಸಿಟ್ಟು ಬಂತು. ಒಂದು ಭಾನುವಾರ ಅತ್ತೆ ದೇವರ ಮನೆಯಲ್ಲಿದ್ದಾಗ ಮಾವನ ಮುಂದೆ, "ಇಷ್ಟ ಎಲ್ಲಾ ಮಾಡಿದ್ರೂ ಅತ್ತಿಯವರು ಹಟ ಬಿಡವಲ್ಲರು ನೋಡ್ರಿ," ಎಂದುಬಿಟ್ಟೆ.

ಮಾವ ಎದ್ದುಹೋಗಿ ಬಚ್ಚಲ ಬಾಗಿಲ ಹಿಂದಿನಿಂದ ಏನನ್ನೋ ತಂದು ನನ್ನ ಮುಂದೆ ಹಿಡಿದರು. ಅವರ ಕಚೇರಿ ಕಾಲದ, ಗೆರೆ ಎಳೆಯುವ ಮರದ ಫೂಟುಪಟ್ಟಿ. ತುದಿಗೆ ದಾರದಿಂದ ಹತ್ತಿ ಕಟ್ಟಿತ್ತು, ಹತ್ತಿಗೆ ಕ್ರೀಮು ಮೆತ್ತಿತ್ತು.

"ಹಟ ಅಲ್ಲವಾ. ಆಕಿಗೆ ಕೈ ಮುಟ್ಟೂದಿಲ್ಲ. ಮೊಣಕಾಲ ಮಡಚೂದಿಲ್ಲ, ನಡ ಬಗ್ಗೂದಿಲ್ಲ, ಬೆರಳಸಂದಿ ಹ್ಯಾಂಗ ಮುಟ್ಟಬೇಕು? ಇದರಲೆ ಹಚ್ಕೋತಾಳ. ಎಲ್ಲೆ ಬೀಳ್ತದೋ ಅಲ್ಲೆ ಬೀಳ್ತದ."

ನಾನು ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು, ನನ್ನ ಕೈಯಲ್ಲಿದ್ದದ್ದು ಕಂಡರು. ಕದ್ದ ಮಾಲಿನ ಜೊತೆ ಸಿಕ್ಕಿಬಿದ್ದವರಂತೆ ಮುಖ ಸಣ್ಣದಾಯಿತು.

"ಬಗ್ಗಲಿಕ್ಕೆ ಬರೂದಿಲ್ಲ ಅಂದ್ರ ನೀವೆಲ್ಲ ಆಪರೇಶನ್ ಅಂತೀರಿ," ಎಂದರು. "ಕೊಳಕ್ಕ ಹೋದ್ರ ಬಗ್ಗಲಿಕ್ಕೆ ಬಂದೀತು. ಬಗ್ಗಲಿಕ್ಕೆ ಬಂದ್ರ ಕಾಲ ಒಣಗೀತು. ಕಾಲ ಒಣಗದ ಅವರು ಕೊಳಕ್ಕ ಬಿಡಾಂಗಿಲ್ಲ. ನಾ ಏನ ಮಾಡಲಿ ಹೇಳವಾ?"

ಆಗ ಅರ್ಥವಾಯಿತು ನನಗೆ, ಮಡಿ ಅವರಿಗೆ ಆಸರೆಯ ನೆಪ ಅಷ್ಟೇ ಎಂದು. ನಾನೇ ಹಚ್ಚುತ್ತೇನೆ ಎಂದೆ. ಆದರೆ ಅತ್ತೆಯ ಸ್ನಾನ ಮುಗಿಯುವ ಮೊದಲೇ ನನ್ನ ಬಸ್ಸು ಹೋಗಿರುತ್ತದೆ. ಲೆಕ್ಕ ಕೂಡಲಿಲ್ಲ. ಮಾವ ಕೆಳಗಿಳಿದು, ತಿರುವಿನಲ್ಲಿದ್ದ ಸ್ಟೂಲನ್ನು ಎತ್ತಿ ತಂದು ಹಾಲಿನ ನಡುವೆ ಇಟ್ಟರು. ಅತ್ತೆಯನ್ನು ಕುರ್ಚಿಯ ಮೇಲೆ ಕೂಡಿಸಿ, ತಾವು ಎದುರಿಗೆ ಸ್ಟೂಲಿನ ಮೇಲೆ ಕೂತು, "ಕೊಡು ಇಲ್ಲೆ ಕಾಲ," ಎಂದರು.

ಅತ್ತೆ ಬೆಂಕಿ ತಗುಲಿದಂತೆ ಕಾಲು ಹಿಂದೆಳೆದುಕೊಂಡರು. "ಏನ ಹುಚ್ಚ ಹಿಡದದೇನ್ರಿ ನಿಮಗ? ಗಂಡನ ಕೈಲೆ ಕಾಲ ಮುಟ್ಟಿಸ್ಕೊಂಡ್ರ ನನಗ ಪಾಪ ಹತ್ತತದ! ಸೊಸಿ ನಿಂತಾಳ, ಏಳ್ರಿ ಮೊದಲ!"

"ಲಗ್ನದಾಗ ನಿನ್ನ ಕಾಲ ಹಿಡದು ಕಲ್ಲಿನ ಮ್ಯಾಲೆ ಇಡಿಸಿದವ ಯಾರು? ಕಾಲುಂಗರ ತೊಡಿಸಿದವ ಯಾರು? ಆವಾಗ ಇಡೀ ಮಂಟಪ ನೋಡಲಿಕ್ಕತ್ತಿತ್ತು. ಆವಾಗ ಹತ್ತದ ಪಾಪ ಈಗ್ಯಾಕ ಹತ್ತತದ?"

"ಅದು ಶಾಸ್ತ್ರ."

"ಇದೂ ಶಾಸ್ತ್ರನ ತಿಳ್ಕೊ. ಮೈಸೂರಿನ ಭಟ್ಟರು ಹೇಳ್ಯಾರ, ಬೆಳಿಗ್ಗಿ ಸಂಜಿ."

ನನಗೆ ನಗು ತಡೆಯಲಾಗಲಿಲ್ಲ, ಅತ್ತೆಗೂ ತಡೆಯಲಾಗಲಿಲ್ಲ. ಆ ನಗುವಿನ ನಡುವೆ ಮಾವ ಕಾಲು ಎಳೆದು ತೊಡೆಯ ಮೇಲಿಟ್ಟುಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಧೋತರದ ತುಂಡಿನಿಂದ ಒಂದೊಂದು ಸಂದಿಯನ್ನೂ ಒತ್ತಿ ಒರೆಸಿದರು, ಉಜ್ಜಲಿಲ್ಲ. ತೆಳ್ಳಗೆ ಕ್ರೀಮು ಹಚ್ಚಿದರು, ಹುಣ್ಣಿನ ಅಂಚು ದಾಟಿಸಿ. ಆಮೇಲೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ಅತ್ತೆ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ನಾರಾಯಣ ನಾರಾಯಣ ಎನ್ನುತ್ತಿದ್ದರು.

ಮೊದಲ ಕೆಲವು ದಿನ ಮುಂಬಾಗಿಲ ಚಿಲಕ ಹಾಕಿಸಿಯೇ ಕಾಲು ಕೊಡುತ್ತಿದ್ದರು. ಆಮೇಲೆ ಚಿಲಕ ಮರೆತರು. ಹೊರಗೆ ಪುಣೆಯ ಮಳೆ ಹಿಡಿದ ಹಟ ಬಿಟ್ಟಿರಲಿಲ್ಲ, ಗೋಡೆ ಬೆವರುತ್ತಿತ್ತು, ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಇಡೀ ಊರಿನಲ್ಲಿ ಒಣಗಿದ್ದು ಎಂದರೆ ನಮ್ಮ ಅತ್ತೆಯ ಕಾಲು ಮಾತ್ರ ಎಂದು ಮಾವ ಕೊಚ್ಚಿಕೊಳ್ಳುತ್ತಿದ್ದರು. ಬಿಳಿ ಪದರು ಉದುರಿತು, ಒಡಕು ಕೂಡಿತು, ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಬಂತು. ಇನ್ನು ಸಾಕು ಎಂದರು ಅತ್ತೆ. ಮಾವ ಕೇಳಲಿಲ್ಲ. ವಾಸಿಯಾದಂತೆ ಕಂಡ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿಯೇ ಬಿಟ್ಟರು. ಆಮೇಲೆ ಕ್ರೀಮಿನ ಜಾಗಕ್ಕೆ ಪೌಡರ್ ಬಂತು.

ಗಣಪತಿ ಕೂಡುವ ಮೊದಲು ಅತ್ತೆ ಮತ್ತೆ ಕೊಳದ ಬಾಗಿಲಿಗೆ ಹೋದರು. ಮಾಯಾತಾಯಿ ಬಗ್ಗಿ, ಬೆರಳು ಬಿಡಿಸಿ, ಎರಡೂ ಕಾಲು ನೋಡಿದರಂತೆ. "ಛಾನ್, ಆಜೀ," ಎಂದರಂತೆ. ಚೆನ್ನಾಗಿದೆ ಅಜ್ಜಿ ಎಂಬ ಆ ಎರಡು ಶಬ್ದವನ್ನು ಅತ್ತೆ ಸಂಜೆಯವರೆಗೆ ನಮ್ಮೆಲ್ಲರಿಗೂ ಬೇರೆ ಬೇರೆಯಾಗಿ ಹೇಳಿದರು, ಕೆಳಗಿನ ಕಾಕುವಿಗೂ ಹೇಳಿ ಬಂದರು. ಕಾಕು ಅದನ್ನು ಕಣ್ಣಾರೆ ಕಂಡಿದ್ದರೂ ಮತ್ತೊಮ್ಮೆ ಕೇಳಿಸಿಕೊಂಡರು.

ಮೊಣಕಾಲು ಸಾವಕಾಶ ಸಡಿಲಾದವು. ದೀಪಾವಳಿಯ ಹೊತ್ತಿಗೆ ಆಪರೇಶನ್ ಮಾತು ಯಾರ ಬಾಯಲ್ಲೂ ಬರಲಿಲ್ಲ. ಆ ಸುಮಾರಿಗೆ ಒಂದು ಭಾನುವಾರ ನಾನು ಅತ್ತೆಯ ಜೊತೆ ಕೊಳಕ್ಕೆ ಹೋಗಿದ್ದೆ. ನನಗೆ ಈಜು ಬಾರದು, ದಡದ ಬೆಂಚಿನ ಮೇಲೆ ಚೀಲ ಕಾಯುತ್ತ ಕೂತೆ. ಅತ್ತೆ ಮಲಗಿದಂತೆ ನೀರ ಮೇಲೆ ತೇಲಿದರು, ಕೈ ಬೀಸಿ ಆಚೆ ದಡ ಮುಟ್ಟಿ ಬಂದರು. ಮೆಟ್ಟಿಲು ಹತ್ತಿ ಮೇಲೆ ಬಂದು, ಮೈ ಒರೆಸಿಕೊಂಡು, ನನ್ನ ಪಕ್ಕದ ಚೀಲ ಎತ್ತಿಕೊಂಡು ಹೋಗಿ ಸ್ವಲ್ಪ ದೂರದ ಬೆಂಚಿನ ಮೇಲೆ ಕೂತರು. ಚೀಲದಿಂದ ಮಾವನ ಧೋತರದ ತುಂಡು ತೆಗೆದರು. ಬಲಗಾಲನ್ನು ಎತ್ತಿ ಎಡ ತೊಡೆಯ ಮೇಲೆ ಇಟ್ಟುಕೊಂಡರು. ನಡು ಬಗ್ಗಿಸಿ, ಬೆರಳು ಬಿಡಿಸಿ, ಒಂದೊಂದೇ ಸಂದಿ ಒರೆಸಿಕೊಂಡರು. ಆಮೇಲೆ ಎಡಗಾಲು. ಎಷ್ಟು ವರ್ಷದ ಮೇಲೆ ಅವರ ಕೈ ಅವರ ಕಾಲನ್ನು ಮುಟ್ಟಿತ್ತೋ! ನನ್ನ ಕಣ್ಣು ತುಂಬಿಬಂದವು. ಕೂಗಿ ಕರೆಯಬೇಕೆನಿಸಿತು, ಕರೆಯಲಿಲ್ಲ. ಈ ಸುದ್ದಿಯನ್ನು ಮನೆಗೆ ಹೋಗಿ ಮಾವನಿಗೆ ನಾನೇ ಮೊದಲು ಹೇಳಬೇಕೆಂದು ದಾರಿಯುದ್ದಕ್ಕೂ ತುಟಿಯ ಮೇಲೆ ಇಟ್ಟುಕೊಂಡು ಬಂದೆ.

ಬಾಗಿಲು ತೆರೆದಾಗ ಮಾವ ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು, ಪೌಡರ್ ಡಬ್ಬಿ ತೊಡೆಯ ಮೇಲಿತ್ತು, ಮಡಿ ಗಳುವಿನಿಂದ ಇಳಿಸಿದ ತುಂಡು ಹೆಗಲ ಮೇಲಿತ್ತು. "ಬಂದ್ರ್ಯಾ? ಯಾಕ ಇಷ್ಟ ತಡಾ?" ಎಂದರು.

ನಾನು ಬಾಯಿ ತೆರೆದೆ. ಅತ್ತೆ ನನ್ನತ್ತ ಒಂದು ನೋಟ ನೋಡಿದರು, ಅಷ್ಟೇ. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಗೋಡೆಗೆ ಕೈ ಊರಿ ಕಷ್ಟಪಟ್ಟು ಕೂಡುವವರ ಹಾಗೆ ಕುರ್ಚಿಯ ಮೇಲೆ ಕೂತರು. ಒಣಗಿದ ಕಾಲನ್ನು ಮಾವನ ತೊಡೆಯ ಮೇಲೆ ಚಾಚಿದರು.

ನಾನು ಇವತ್ತಿಗೂ ಹೇಳಿಲ್ಲ. ಮಾವನಿಗೆ ಗೊತ್ತಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಪ್ರತಿ ವರ್ಷ ಮೊದಲ ಮಳೆಗೆ ಅವರ ಫೋನು ಬರುತ್ತದೆ, ನಾನು ಡಬ್ಬಿ ಒಯ್ದು ಕೊಡುತ್ತೇನೆ. ಈ ಸಲವೂ ಚೆಲ್ಲಿ ಉಳಿದದ್ದನ್ನು ಕೊಟ್ಟೆ. ಅತ್ತೆ ಬಾಗಿಲ ಬಳಿ ಬಗ್ಗಿ, ನಾನು ಬಿಟ್ಟ ಒದ್ದೆ ಚಪ್ಪಲಿಯನ್ನು ಎತ್ತಿ ಗೋಡೆಗೆ ಒರಗಿಸಿ ಇಡುತ್ತಿದ್ದರು. ಸ್ಟೂಲು ಎಳೆದ ಸದ್ದಾಯಿತು. ಅತ್ತೆ ನಡು ಹಿಡಿದುಕೊಂಡು ನಿಧಾನವಾಗಿ ಎದ್ದು, ಹೋಗಿ ಕೂತು, ಕಾಲು ಚಾಚಿ ಹೇಳಿದರು:

"ಸಂದಿಯೊಳಗ ನೀವ ಹಾಕ್ರಿ. ನನಗೆಲ್ಲೆ ಬಗ್ಗಲಿಕ್ಕೆ ಬರ್ತದ?"